ಕ್ಲಚ್ ಬಿದ್ದ 72ನೇ ದಿನ

ನನ್ನ ಹತ್ತಿರ ಸ್ಪೋರ್ಟ್ಸ್ ಕಾರ್ ಇದೆ ಎಂಬ ಸುದ್ದಿ ಅರಸೀಕೆರೆ ಮುಟ್ಟುವ ಹೊತ್ತಿಗೆ ಅದು ಫೆರಾರಿ ಆಗಿಹೋಗಿತ್ತು. 'ಎಜುಕೇಶನ್ ಲೋನ್ ಇನ್ನೂ ಒಂದು ಕಂತೂ ತೀರಿಲ್ಲ, ಆಗಲೇ ಇದೆಲ್ಲಾ ಬೇಕಿತ್ತಾ ಅಕ್ಕಾ ಅವಳಿಗೆ?' ಎಂದು ಚಿಕ್ಕಮ್ಮ ಅಮ್ಮನನ್ನು ಕೇಳಿದರಂತೆ. ನಿಜ ಸಂಗತಿ ಇಷ್ಟೇ. ಅದು 1994ರ ಮಾಜ್ದಾ ಮಿಯಾಟಾ. ನನಗಿಂತ ಐದು ವರ್ಷ ದೊಡ್ಡದು. ಎರಡೂವರೆ ಲಕ್ಷ ಕಿಲೋಮೀಟರ್‌ಗೂ ಹೆಚ್ಚು ಓಡಿದೆ. ಕೊಟ್ಟ ಬೆಲೆ 2,800 ಡಾಲರ್, ಅಂದರೆ ನಮ್ಮ ಕಡೆ ಒಂದು ಹೊಸ ಬುಲೆಟ್ ಕೊಳ್ಳುವ ದುಡ್ಡು. ಇರುವುದು ಎರಡೇ ಸೀಟು. ಇಂಡಿಯನ್ ಅಂಗಡಿಯಿಂದ ಸೋನಾ ಮಸೂರಿ ಚೀಲ ತಂದು ಡಿಕ್ಕಿಗೆ ಹಾಕಿದರೆ ಮಿಕ್ಕ ಸಾಮಾನನ್ನು ಪಕ್ಕದಲ್ಲಿ ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳಬೇಕು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ. ಎಲ್ಲಿ ನೋಡಿದರೂ ಏರು, ಇಳಿಜಾರು. ಇಲ್ಲಿನ ಕ್ಯಾಂಟನ್ ಅವೆನ್ಯೂ ಎಂಬ ಬೀದಿಯ ಏರು ಶೇ 37. ಚಾರ್ಮಾಡಿ ನೋಡಿದವರಿಗೂ ಒಮ್ಮೆ ಎದೆ ಝಲ್ಲೆನ್ನುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾರುಗಳ ತಳವನ್ನು ಗೆದ್ದಲು ತಿಂದ ಹಾಗೆ ತಿನ್ನುತ್ತದೆ. ನನ್ನ ಬಳಿ ಇದ್ದ ದುಡ್ಡಿಗೆ ಸಿಗುತ್ತಿದ್ದ ಕೊರೊಲಾ, ಸಿವಿಕ್‌ಗಳೆಲ್ಲ ಹಾಗೆ ತಿನ್ನಿಸಿಕೊಂಡವೇ. ಎದುರು ಮನೆಯ ಅಜ್ಜ ಮಾತ್ರ ತನ್ನ ಮಿಯಾಟಾವನ್ನು ಚಳಿಗಾಲದಲ್ಲಿ ಹೊರಗೆ ತೆಗೆಯುತ್ತಿರಲಿಲ್ಲ. ಮಂಡಿ ನೋವು ಬಂದು, ನೆಲಮಟ್ಟದ ಆ ಸೀಟಿನಿಂದ ಏಳಲಾಗದೆ ಮಾರಲು ನಿಂತಿದ್ದರು. ಕಾರಿನ ಜೊತೆಗೆ ಒಂದು ಪೆಟ್ಟಿಗೆ ಸಾಕೆಟ್, ಸ್ಪ್ಯಾನರ್ ಮತ್ತು ಪುಟಪುಟಕ್ಕೂ ಗ್ರೀಸ್ ಬೆರಳಚ್ಚು ಇದ್ದ ವರ್ಕ್‌ಶಾಪ್ ಮ್ಯಾನ್ಯುಯಲ್ ಕೊಟ್ಟರು. ವ್ಯಾಪಾರದಲ್ಲಿ ನನಗೆ ಬಂದ ನಿಜವಾದ ಲಾಭ ಆ ಪುಸ್ತಕವೇ.

ಈ ಕಾರಿನ ಕತೆಯನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಮಾಜ್ದಾ ಇದನ್ನು ಮೊದಲು ತೋರಿಸಿತು. ಹಳೆಯ ಬ್ರಿಟಿಷ್ ಓಪನ್ ಕಾರುಗಳ ಹಗುರ, ಅವುಗಳಿಗಿಲ್ಲದ ಜಪಾನೀ ನಂಬಿಕೆ, ಎರಡನ್ನೂ ಸೇರಿಸುವುದು ಯೋಚನೆ. ಯೋಜನೆಯ ಮುಖ್ಯಸ್ಥ ತೋಶಿಹಿಕೊ ಹಿರಾಯ್ ಹಿಡಿದಿದ್ದ ಮಂತ್ರ 'ಜಿನ್ಬಾ ಇತ್ತಾಯ್', ಅಂದರೆ ಕುದುರೆ ಮತ್ತು ಸವಾರ ಒಂದೇ ಜೀವ. 2016ರ ಏಪ್ರಿಲ್ ಹೊತ್ತಿಗೆ ಎಲ್ಲ ತಲೆಮಾರೂ ಸೇರಿ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ. ನನ್ನದರಲ್ಲಿರುವುದು 1.8 ಲೀಟರ್, ನಾಲ್ಕು ಸಿಲಿಂಡರ್, 128 ಅಶ್ವಶಕ್ತಿಯ ಎಂಜಿನ್. ಇವತ್ತಿನ ಲೆಕ್ಕಕ್ಕೆ ದೊಡ್ಡದೇನಲ್ಲ. ಆದರೆ ಕಾರಿನ ತೂಕ ಒಂದು ಟನ್‌ಗಿಂತ ತುಸುವೇ ಹೆಚ್ಚು.

ರಿಪೇರಿ ಮಾಡುವವರಿಗೆ ಮುಖ್ಯವಾದ ಸಂಗತಿ ಬೇರೆ ಇದೆ. ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತದೆ! ಈಗಿನ ಕಾರುಗಳಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಅಷ್ಟೆ. ಇದರ ಮುಕ್ಕಾಲು ಪಾಲು ಬೋಲ್ಟುಗಳು 10, 12, 14, 17 ಮಿ.ಮೀ. ಸಾಕೆಟ್‌ಗೆ ಮುಗಿಯುತ್ತವೆ.

90 ದಿನಗಳ ಲೆಕ್ಕ

ಇಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಓದಿಗೆ ಸಂಬಂಧಪಟ್ಟ ಕೆಲಸ ಮಾಡಲು ಒಂದು ವರ್ಷದ ಅನುಮತಿ ಸಿಗುತ್ತದೆ. ಒಪಿಟಿ ಎನ್ನುತ್ತಾರೆ. ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವ ಹಾಗಿಲ್ಲ. ಭಾನುವಾರವೂ ಲೆಕ್ಕಕ್ಕೆ ಬರುತ್ತದೆ, ಹಬ್ಬವೂ ಬರುತ್ತದೆ. ಅಮೆರಿಕಕ್ಕೆ ಹೋಗುವ ಕನಸಿರುವ ಗೆಳೆಯರು ಜಿಆರ್‌ಇ ಅಂಕದ ಜೊತೆಗೆ ಈ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಫ್ರಿಜ್ ಬಾಗಿಲ ಮೇಲೆ ಕ್ಯಾಲೆಂಡರ್ ಅಂಟಿಸಿ ನಾನು ದಿನಾ ಒಂದೊಂದು ಗೀಟು ಎಳೆಯುತ್ತಿದ್ದೆ. ಊರಿನಲ್ಲಿ ಅಪ್ಪ ನಿವೇಶನದ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ಎತ್ತಿದ್ದರು. ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿ ಉಳಿಸಿದ ಒಂದೇ ನಿವೇಶನ ಅದು.

71ನೇ ದಿನ ಒಂದು ಇಂಟರ್‌ವ್ಯೂ ಕರೆ ಬಂತು. ವಾಲ್ವ್ ತಯಾರಿಸುವ ಕಾರ್ಖಾನೆ, ಎಪ್ಪತ್ತು ಕಿಲೋಮೀಟರ್ ದೂರ, ಬಸ್ಸಿಲ್ಲ, ನಾಲ್ಕು ದಿನ ಸಮಯ. 72ನೇ ದಿನ ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಕ್ಲಚ್ ಪೆಡಲ್ ಒತ್ತಿದೆ. ಅದು ಕೆಳಗೆ ಹೋದದ್ದು ಹೋಯಿತು, ಮೇಲೆ ಬರಲೇ ಇಲ್ಲ. ಕಾಲ ಬೆರಳನ್ನು ಪೆಡಲ್‌ನ ಹಿಂದೆ ತೂರಿಸಿ ಎತ್ತಿದೆ. ನಾಲ್ಕೈದು ಸಲ ಪಂಪ್ ಮಾಡಿದ ಮೇಲೆ ಹೇಗೋ ಮೊದಲ ಗೇರ್ ಬಿತ್ತು.

ಹತ್ತಿರದ ಗ್ಯಾರೇಜಿನಾತ ಪೆಡಲ್ ಒಮ್ಮೆ ಒತ್ತಿ ನೋಡಿ, 'ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 1,300 ಡಾಲರ್, ಮುಂದಿನ ವಾರ ಬನ್ನಿ' ಎಂದ. ಹೇಳಿದ್ದು ನನಗಲ್ಲ, ನನ್ನ ಜೊತೆ ಬಂದಿದ್ದ ಸಹಪಾಠಿ ಹುಡುಗನಿಗೆ. ಅವನೋ ಕಂಪ್ಯೂಟರ್ ಸೈನ್ಸ್, ಡಿಪ್‌ಸ್ಟಿಕ್ ಎಂದರೆ ಐಸ್‌ಕ್ರೀಮ್ ಕಡ್ಡಿ ಎಂದುಕೊಂಡವನು. ಇದು ಅಮೆರಿಕದ ವಿಶೇಷವೇನಲ್ಲ. ಹಾಸನದಲ್ಲಿ ಸ್ಕೂಟಿ ರಿಪೇರಿಗೆ ಕೊಂಡೊಯ್ದ ಹುಡುಗಿಯರನ್ನು ಕೇಳಿ ನೋಡಿ.

ಬಿಚ್ಚುವ ಮೊದಲು ಕೇಳು

ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಕೇಳಿದ ಪ್ರಶ್ನೆಗಳು ಮೂರು. 'ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಬೀಳ್ತಾವಾ ಪುಟ್ಟಿ?' ಬೀಳುತ್ತವೆ. ಹಾಗಾದರೆ ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ. 'ಮೊನ್ನೆ ಏರಲ್ಲಿ ಎಂಜಿನ್ ಕೂಗಿ, ಗಾಡಿ ಮುಂದೆ ಹೋಗದೆ ಇದ್ದದ್ದುಂಟಾ?' ಇಲ್ಲ. ಹಾಗಾದರೆ ಪ್ಲೇಟ್ ಜಾರುತ್ತಿಲ್ಲ. 'ಪಂಪ್ ಮಾಡಿದ್ರೆ ಸರಿ ಹೋಗುತ್ತಾ?' ಸ್ವಲ್ಪ ಹೊತ್ತು ಸರಿಹೋಗುತ್ತದೆ. 'ಹಂಗಾದ್ರೆ ಎಣ್ಣೆ ಎಲ್ಲೋ ಸೋರ್ತಿದೆ, ಪ್ಲೇಟಿಗೆ ಕೈ ಹಾಕಬೇಡ' ಎಂದರು. ಅಪ್ಪ ಮಿಯಾಟಾ ನೋಡಿದವರೇ ಅಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿಯಾಟಾದ ಕ್ಲಚ್ ಕೇಬಲ್ಲಿನದಲ್ಲ, ಹೈಡ್ರಾಲಿಕ್. ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಬ್ರೇಕ್ ಫ್ಲೂಯಿಡ್ ಅನ್ನು ಪೈಪಿನೊಳಗೆ ದೂಡುತ್ತದೆ. ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರ್ ಆ ಒತ್ತಡ ಪಡೆದು ಒಂದು ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತದೆ. ಕಡ್ಡಿ ಫೋರ್ಕನ್ನು ತಳ್ಳಿದಾಗ ಪ್ಲೇಟ್ ಬಿಡುತ್ತದೆ. ಸ್ಲೇವ್‌ನೊಳಗಿನ ರಬ್ಬರ್ ಸೀಲ್ ಸವೆದರೆ ಫ್ಲೂಯಿಡ್ ಸೋರಿ ಗಾಳಿ ಒಳಗೆ ಸೇರುತ್ತದೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು, ಆದ್ದರಿಂದಲೇ ಅದು ಬಲವನ್ನು ದಾಟಿಸುತ್ತದೆ. ಗಾಳಿ ಕುಗ್ಗುತ್ತದೆ. ಪೆಡಲ್ ಒತ್ತಿದ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಖರ್ಚಾಗಿ, ಫೋರ್ಕ್ ಅಲುಗುವುದೇ ಇಲ್ಲ. ಪ್ಯಾಸ್ಕಲ್ ನಿಯಮ ಎಂದು ಪಿಯುಸಿಯಲ್ಲಿ ಐದು ಅಂಕಕ್ಕೆ ಬರೆದದ್ದು ಇದನ್ನೇ.

ಮರುದಿನ ಬೆಳಿಗ್ಗೆ ನೋಡಿದೆ. ಕ್ಲಚ್‌ಗೆ ಬೇರೆಯೇ ಇರುವ ಪುಟ್ಟ ಫ್ಲೂಯಿಡ್ ಡಬ್ಬಿ ತಳ ಕಂಡಿತ್ತು, ಉಳಿದದ್ದು ಕಾಫಿ ಡಿಕಾಕ್ಷನ್ ಬಣ್ಣ. ಕಾರಿನ ಕೆಳಗೆ ತೂರಿ ಸ್ಲೇವ್‌ನ ತುದಿಯಲ್ಲಿರುವ ರಬ್ಬರ್ ಬೂಟನ್ನು ಬೆರಳಿನಿಂದ ಸರಿಸಿದೆ. ಫ್ಲೂಯಿಡ್ ಮೊಣಕೈವರೆಗೆ ಹರಿಯಿತು. ಈ ಪರೀಕ್ಷೆಗೆ ಬಿದ್ದ ಖರ್ಚು ಸೊನ್ನೆ. ಗ್ಯಾರೇಜಿನಾತ ಇದನ್ನು ಮಾಡಬಹುದಿತ್ತು.

ಹೊಸ ಸ್ಲೇವ್ ಸಿಲಿಂಡರ್ 28 ಡಾಲರ್. ಡಾಟ್ 3 ಫ್ಲೂಯಿಡ್ ಆರು ಡಾಲರ್. ಪೈಪಿನ ನಟ್ ಬಿಚ್ಚಲು ಒಂದು ವಿಶೇಷ ಸ್ಪ್ಯಾನರ್ ಬೇಕು, ಅದು ನಟ್ಟಿನ ಐದು ಮೈಯನ್ನೂ ಹಿಡಿದುಕೊಳ್ಳುತ್ತದೆ. ಮಾಮೂಲಿ ಸ್ಪ್ಯಾನರ್ ಎರಡೇ ಮೈ ಹಿಡಿಯುವುದರಿಂದ ತುಕ್ಕು ಹಿಡಿದ ಹಳೆಯ ನಟ್ ಉರುಟಾಗಿಬಿಡುತ್ತದೆ, ಆಮೇಲೆ ಪೈಪನ್ನೇ ಕತ್ತರಿಸಬೇಕು. ಅಜ್ಜನ ಪೆಟ್ಟಿಗೆಯಲ್ಲಿ ಇರದಿದ್ದ ಸ್ಪ್ಯಾನರ್ ಅದೊಂದೇ. ಇಲ್ಲಿ ಬಿಡಿಭಾಗಗಳ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಎಷ್ಟೋ ಉಪಕರಣಗಳನ್ನು ಒಯ್ಯಲು ಕೊಡುತ್ತಾರೆ, ಮರಳಿಸಿದರೆ ಪೂರ್ತಿ ಹಣ ವಾಪಸ್. ನಮ್ಮೂರಲ್ಲೂ ಹೀಗೊಂದು ವ್ಯವಸ್ಥೆ ಇದ್ದಿದ್ದರೆ ಎಷ್ಟು ಹುಡುಗರು ತಮ್ಮ ಬೈಕನ್ನು ತಾವೇ ಬಿಚ್ಚುತ್ತಿದ್ದರೋ.

ನಟ್‌ಗೆ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡಬಾರದು ಎಂದು ಬಾಡಿಗೆ ಕರಾರಿನಲ್ಲೇ ಬರೆದಿದ್ದರಿಂದ ಅಜ್ಜನ ಮನೆಯ ಅಂಗಳಕ್ಕೆ ಕಾರನ್ನು ತಳ್ಳಿದೆವು. ಆ ಬೀದಿಯಲ್ಲಿ ಮಟ್ಟಸವಾದ ನೆಲವೂ ಅದೊಂದೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಜೀವಕ್ಕೆ ಸಂಬಂಧಿಸಿದ ಮಾತು ಇದೊಂದೇ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಜಾಕ್ ಮೇಲಷ್ಟೇ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಹಾಕಬೇಡಿ. ಎತ್ತಿದ ಕೂಡಲೇ ಗಟ್ಟಿ ಜಾಗ ನೋಡಿ ಜಾಕ್ ಸ್ಟ್ಯಾಂಡ್ ಕೊಡಿ. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲೋ ಮರದ ದಿಮ್ಮಿಯೋ ಇಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಹೊರಗಿನಿಂದ ಕಾರನ್ನು ಎರಡೂ ಕೈಯಲ್ಲಿ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಇಟ್ಟಿಗೆ, ಸಿಮೆಂಟ್ ಹಾಲೋಬ್ಲಾಕ್ ಇಡುವುದನ್ನು ನಮ್ಮ ಕಡೆ ನೋಡಿದ್ದೇನೆ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. 'ಕಾರ್ ಕೆಳಗೆ ಮಲಗ್ತೀಯಂತೆ, ಏನೇ ಅದು?' ಎಂದು ಅಮ್ಮ ಕೇಳಿದಾಗ ಸ್ಟ್ಯಾಂಡ್‌ಗಳ ಫೋಟೊ ಕಳಿಸಿದೆ. ಅಪ್ಪ ಅದನ್ನು ದೊಡ್ಡದು ಮಾಡಿ ನೋಡಿ, ಒಂದನ್ನು ಎರಡು ಇಂಚು ಒಳಗೆ ಸರಿಸು ಎಂದರು.

ಹಳೆಯ ಸ್ಲೇವ್ ಬಿಚ್ಚಲು ಎರಡು ಬೋಲ್ಟ್, ಒಂದು ಪೈಪ್ ನಟ್. ಹೊಸದನ್ನು ಕೂರಿಸಿದ್ದು ಅರ್ಧ ಗಂಟೆಯ ಕೆಲಸ. ಗಾಳಿ ತೆಗೆಯುವುದಕ್ಕೆ ಮಾತ್ರ ಎರಡು ಜನ ಬೇಕು. ಒಬ್ಬರು ಪೆಡಲ್ ಮೇಲೆ, ಒಬ್ಬರು ಕೆಳಗೆ ಬ್ಲೀಡರ್ ಹತ್ತಿರ. ಪೆಡಲ್ ಕೆಲಸಕ್ಕೆ ಸಿಕ್ಕಿದ್ದು ಹುಬ್ಬಳ್ಳಿಯ ರೂಮ್‌ಮೇಟ್. ಬಯೋಟೆಕ್ನಾಲಜಿಯವಳು. ನಾನು ಕೆಳಗಿನಿಂದ 'ಒತ್ತು' ಎನ್ನುತ್ತಿದ್ದೆ. 'ಒತ್ತೀನಿ' ಎನ್ನುತ್ತಿದ್ದಳು. 'ಹಿಡಿ.' 'ಹಿಡದೀನಿ.' ಬ್ಲೀಡರ್ ಸಡಿಲಿಸಿದರೆ ಸಣ್ಣ ಟ್ಯೂಬಿನಲ್ಲಿ ಗುಳ್ಳೆ ಗುಳ್ಳೆಯಾಗಿ ಕಪ್ಪು ಫ್ಲೂಯಿಡ್ ಬಾಟಲಿಗೆ ಇಳಿಯುತ್ತಿತ್ತು. ಬ್ಲೀಡರ್ ಬಿಗಿ ಮಾಡಿದ ಮೇಲೆಯೇ 'ಬಿಡು.' 'ಬಿಟ್ಟೆ ನೋಡ.' ಈ ಕ್ರಮ ತಪ್ಪಿದರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ. ನಾಲ್ಕು ಸಲಕ್ಕೊಮ್ಮೆ ಮೇಲಿನ ಡಬ್ಬಿ ತುಂಬಿಸಬೇಕು, ಬರಿದಾದರೆ ಎಲ್ಲ ಮೊದಲಿನಿಂದ. ಬ್ರೇಕ್ ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ, ಆದ್ದರಿಂದ ಡಬ್ಬಿಯ ಸುತ್ತ ಬಟ್ಟೆ ಸುತ್ತಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡಿದ್ದೆವು. ಇಪ್ಪತ್ತೈದು ಸಲ ಒತ್ತಿ ಬಿಟ್ಟ ಮೇಲೆ ಪೆಡಲ್ ಗಟ್ಟಿಯಾಯಿತು. 'ಇನ್ನ ಮುಂದ ಜಿಮ್ ಫೀ ನೀನ ಕೊಡಬೇಕ' ಎಂದಳು ಅವಳು, ಎಡಗಾಲು ಹಿಡಿದುಕೊಂಡು.

ಅಜ್ಜ ವರಾಂಡದಿಂದಲೇ ಒಂದು ಮಾತು ಹೇಳಿದ್ದರು. ಈ ಕಾರಿನಲ್ಲಿ ಸ್ಲೇವ್ ಹೊಸದು ಹಾಕಿದ ಕೆಲವೇ ದಿನದಲ್ಲಿ ಮಾಸ್ಟರ್ ಕೈಕೊಡುತ್ತದೆ, ಎರಡೂ ಒಂದೇ ವಯಸ್ಸಿನವು. ಹಾಗೇ ಆಯಿತು. ಮೊದಲ ಸಂಬಳ ಬಂದ ವಾರ ಅದನ್ನೂ ಬದಲಿಸಿದೆವು.

ಇಂಟರ್‌ವ್ಯೂಗೆ ಹೋದೆ. ಎಪ್ಪತ್ತು ಕಿಲೋಮೀಟರ್, ಒಂದು ಗೇರೂ ತಕರಾರು ಮಾಡಲಿಲ್ಲ. ಆ ಕೆಲಸ ಸಿಗಲಿಲ್ಲ. ಅನುಭವ ಇರುವವರು ಬೇಕಂತೆ. ಅದಾದ ಮೇಲಿನ ಇನ್ನೊಂದು ಕಡೆ, ಪಂಪ್ ಪರೀಕ್ಷಿಸುವ ಒಂದು ಸಣ್ಣ ಕಂಪನಿಯಲ್ಲಿ, ಮ್ಯಾನೇಜರ್ ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: ಇತ್ತೀಚೆಗೆ ನೀನು ಕೈಯಾರೆ ಸರಿಮಾಡಿದ್ದು ಏನು? ನಾನು ಕಾಲೇಜಿನ ಪ್ರಾಜೆಕ್ಟ್ ಹೇಳಲಿಲ್ಲ. ಮೂರು ಪ್ರಶ್ನೆಗಳನ್ನೂ, ಬೂಟ್ ಸರಿಸಿದ್ದನ್ನೂ ಹೇಳಿದೆ. ಆತ ಬಿಳಿ ಹಲಗೆಯ ಮೇಲೆ ಚಿತ್ರ ಬರೆಸಿದ. ಪಂಪ್ ಮಾಡಿದಾಗ ಪೆಡಲ್ ಏಕೆ ಸರಿಹೋಗುತ್ತದೆ, ನಿಂತರೆ ಏಕೆ ಮತ್ತೆ ಬೀಳುತ್ತದೆ ಎಂದು ಕೆದಕಿದ. ಅರ್ಧ ಗಂಟೆ ಅದೇ ಮಾತು. 86ನೇ ದಿನ ಆ ಕೆಲಸಕ್ಕೆ ಸೇರಿದೆ.

ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ ನನ್ನ ಕಾಲೇಜಿನಲ್ಲಿ ಒಂದು ಎಂಜಿನ್ ಇತ್ತು. ಉದ್ದಕ್ಕೆ ಸೀಳಿ, ಕೆಂಪು ಹಳದಿ ನೀಲಿ ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದರ ಚಿತ್ರವನ್ನು ರೆಕಾರ್ಡ್ ಬುಕ್‌ನಲ್ಲಿ ಅಂದವಾಗಿ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡ ನೂರಾರು ಜನರಲ್ಲಿ ನಾನೂ ಒಬ್ಬಳು. ಸ್ಪ್ಯಾನರ್ ಮುಟ್ಟಲು ಲ್ಯಾಬ್ ಅಸಿಸ್ಟೆಂಟ್ ಬಿಡುತ್ತಿರಲಿಲ್ಲ, ಕಳೆದುಹೋದರೆ ಅವರ ಸಂಬಳದಲ್ಲಿ ಹಿಡಿಯುತ್ತಿದ್ದರಂತೆ. ಯಾರನ್ನು ದೂರುವುದು?

ಮಂಜಿನ ಬೆಳಿಗ್ಗೆ ಮಾತ್ರ ಬರುವ ರೋಗ

ಅಕ್ಟೋಬರ್‌ನಲ್ಲಿ ಹೊಸ ತೊಂದರೆ ಶುರುವಾಯಿತು. ಕೆಲಸಕ್ಕೆ ಹೋಗುವ ದಾರಿಯ ದೊಡ್ಡ ಏರಿನಲ್ಲಿ, ಐದನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಯಾರೋ ಹಿಂದಿನಿಂದ ಎಳೆದ ಹಾಗೆ ಜಗ್ಗುತ್ತಿತ್ತು. ಸಂಜೆ ಬಿಸಿಲಿನಲ್ಲಿ ಅದೇ ಏರು ಹತ್ತಿದರೆ ಏನೂ ಇಲ್ಲ. ಆಫೀಸಿನಲ್ಲಿ ತಲೆಗೊಂದು ಸಲಹೆ. ಫ್ಯೂಯಲ್ ಪಂಪ್ ಬದಲಿಸು, ಆಕ್ಸಿಜನ್ ಸೆನ್ಸರ್ ಬದಲಿಸು, ಪೆಟ್ರೋಲಿಗೆ ಅದ್ಯಾವುದೋ ಬಾಟಲಿ ಸುರಿ. ಎಲ್ಲ ಸೇರಿದರೆ ಐನೂರು ಡಾಲರ್ ದಾಟುತ್ತಿತ್ತು.

ಈ ಕಾಲದ ಮಿಯಾಟಾದಲ್ಲಿ ಕಂಪ್ಯೂಟರ್ ಇದೆ, ಆದರೆ ಸ್ಕ್ಯಾನರ್ ಸಿಕ್ಕಿಸುವ ಈಗಿನ ಪೋರ್ಟ್ ಇಲ್ಲ. ಬಾನೆಟ್ ಕೆಳಗೆ 'ಡಯಾಗ್ನಾಸಿಸ್' ಎಂದು ಬರೆದ ಒಂದು ಕಪ್ಪು ಡಬ್ಬಿ ಇದೆ. ಅದರ 'ಟಿಇಎನ್' ಮತ್ತು 'ಜಿಎನ್‌ಡಿ' ಎಂಬ ಎರಡು ತೂತುಗಳನ್ನು ಒಂದು ತಂತಿಯಿಂದ ಜೋಡಿಸಿ ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪ ಮಿಟುಕುತ್ತದೆ. ಉದ್ದ ಮಿಟುಕು ಹತ್ತು, ಗಿಡ್ಡ ಮಿಟುಕು ಒಂದು. ಒಂದು ಉದ್ದ ಐದು ಗಿಡ್ಡ ಎಂದರೆ 15, ಆಕ್ಸಿಜನ್ ಸೆನ್ಸರ್. ಒಂಬತ್ತು ಗಿಡ್ಡ ಎಂದರೆ ನೀರಿನ ಬಿಸಿ ಅಳೆಯುವ ಸೆನ್ಸರ್. ಟೆಲಿಗ್ರಾಫ್ ಕಾಲದ ಮಾತುಕತೆ, ನನಗಂತೂ ಬಹಳ ಇಷ್ಟ. ಆದರೆ ನನ್ನ ಕಾರು ಏನನ್ನೂ ಮಿಟುಕಿಸಲಿಲ್ಲ. ಏಕೆಂದರೆ ಕಿಡಿ ತಪ್ಪುವುದನ್ನು ಪತ್ತೆಹಚ್ಚುವ ವಿದ್ಯೆ ಆ ಕಾಲದ ಕಂಪ್ಯೂಟರ್‌ಗೆ ಗೊತ್ತಿಲ್ಲ. ದೀಪ ಉರಿಯದಿದ್ದರೆ ಕಾಯಿಲೆ ಇಲ್ಲ ಎಂದಲ್ಲ. ದೀಪ ಒಂದು ಸೆನ್ಸರ್‌ನ ಹೆಸರು ಹೇಳಿದರೆ ಆ ಸೆನ್ಸರೇ ಕೆಟ್ಟಿದೆ ಎಂದೂ ಅಲ್ಲ.

ಹಾಗಾದರೆ ಎಲ್ಲಿಂದ ಹಿಡಿಯುವುದು? ರೋಗ ಯಾವಾಗ ಬರುತ್ತದೆ ಎಂಬಲ್ಲಿಂದ. ಪಂಪ್ ಸೋತಿದ್ದರೆ ಅದಕ್ಕೆ ಮಂಜು, ಬಿಸಿಲು ಎಂಬ ಭೇದ ಇರಬಾರದು. ಏರಿನಲ್ಲಿ ಹೆಚ್ಚು ಪೆಟ್ರೋಲ್ ಬೇಡುವಾಗ ಎರಡು ಹೊತ್ತೂ ಸೋಲಬೇಕು. ತೇವಕ್ಕೆ ಹೆದರುವುದು ವಿದ್ಯುತ್ತು. ಈ ಎಂಜಿನ್ನಿನ ಹಿಂಭಾಗದಲ್ಲಿ ಒಂದು ಕಾಯಿಲ್ ಪ್ಯಾಕ್ ಇದೆ, ಅದರಿಂದ ನಾಲ್ಕು ಪ್ಲಗ್‌ಗಳಿಗೆ ನಾಲ್ಕು ದಪ್ಪ ವೈರ್ ಹೋಗುತ್ತವೆ. ಒತ್ತಡ ಹೆಚ್ಚಿದ ಸಿಲಿಂಡರ್‌ನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದಲೇ ಏರಿನಲ್ಲಿ, ದೊಡ್ಡ ಗೇರಿನಲ್ಲಿ, ಪೂರ್ತಿ ಒತ್ತಿದಾಗ ವೈರಿನ ಬಣ್ಣ ಬಯಲಾಗುತ್ತದೆ. ಹೊದಿಕೆ ಬಿರುಕು ಬಿಟ್ಟಿದ್ದರೆ ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗುವ ಬದಲು ಹತ್ತಿರದ ಲೋಹಕ್ಕೆ ಹಾರುತ್ತದೆ, ತೇವವಿದ್ದರೆ ಇನ್ನೂ ಸುಲಭವಾಗಿ.

ಕತ್ತಲಾದ ಮೇಲೆ ಎಂಜಿನ್ ಚಾಲೂ ಮಾಡಿ, ದೂರ ನಿಂತು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಮೇಲೆ ಹನಿ ಮಂಜು ಬೀಳಿಸಿದೆ. ಮೂರನೇ ಸಿಲಿಂಡರಿನ ವೈರಿನಿಂದ ನೀಲಿ ಎಳೆಯೊಂದು ಟಿಕ್ ಟಿಕ್ ಎಂದು ಎಂಜಿನ್ನಿನ ಮೈಗೆ ಹಾರುತ್ತಿತ್ತು. ನೋಡಲು ಚೆಂದ. ಮುಟ್ಟಿದರೆ ಕೆಟ್ಟ ಷಾಕ್ ಹೊಡೆಯುತ್ತದೆ, ಇದನ್ನು ಮಾಡುವಾಗ ಬಾನೆಟ್ ಮೇಲೆ ಕೈಯೂರಬೇಡಿ. ನಾಲ್ಕು ವೈರಿನ ಸೆಟ್ 40 ಡಾಲರ್, ಹತ್ತು ನಿಮಿಷದ ಕೆಲಸ. ಒಂದೊಂದೇ ತೆಗೆದು ಒಂದೊಂದೇ ಹಾಕಿದರೆ ಅದಲುಬದಲಾಗುವ ಭಯವಿಲ್ಲ.

ಈ ಕಾರು ಹೆದರಿಸುವ ಸದ್ದುಗಳೂ ಇವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊಲಿಗೆ ಮಷಿನ್ ಥರ ಟಕಟಕ. ವಾಲ್ವ್‌ಗಳ ಮೇಲಿನ ಹೈಡ್ರಾಲಿಕ್ ಲಿಫ್ಟರ್‌ಗೆ ಆಯಿಲ್ ತುಂಬುವವರೆಗೆ ಅದು ಬರುತ್ತದೆ, ಬಿಸಿಯಾದ ಮೇಲೆ ಹೋಗುತ್ತದೆ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದರೆ ಸಾಕು. ಆದರೆ ಆಯಿಲ್ ಫಿಲ್ಟರ್ ಇಟ್ಟಿರುವ ಜಾಗವಿದೆಯಲ್ಲ, ಇನ್‌ಟೇಕ್ ಪೈಪುಗಳ ಅಡಿಯಲ್ಲಿ, ಅದನ್ನು ಯೋಚಿಸಿದ ಎಂಜಿನಿಯರ್ ಒಮ್ಮೆಯೂ ತನ್ನ ಕೈಯಿಂದ ಬದಲಿಸಿರಲಿಕ್ಕಿಲ್ಲ.

ಸದ್ದೇ ಮಾಡದ ಕಾಯಿಲೆ ಇನ್ನೂ ಕೆಟ್ಟದ್ದು. ಬಟ್ಟೆಯ ಮೇಲ್ಛಾವಣಿಯಿಂದ ಇಳಿದ ಮಳೆನೀರು ಸೀಟುಗಳ ಹಿಂದೆ, ಎರಡೂ ಬದಿಯಲ್ಲಿರುವ ತೂತುಗಳ ಮೂಲಕ ಕೆಳಗೆ ಹೋಗಬೇಕು. ಎಲೆ, ಕಸ ಸೇರಿ ಆ ತೂತು ಮುಚ್ಚಿದರೆ ನೀರು ಬಾಗಿಲ ಕೆಳಗಿನ ಪೊಳ್ಳು ತೊಲೆಯೊಳಗೆ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಒಳಗೆ ಆಗಲೇ ತೂತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ವರ್ಷಕ್ಕೆರಡು ಬಾರಿ ಇದನ್ನು ಶುಚಿ ಮಾಡುತ್ತೇನೆ. ಆದರೂ ಎಡಬದಿಯಲ್ಲಿ ಎಂಟಾಣೆ ಅಗಲದ ತೂತಿದೆ. ಪೆನ್ಸಿಲ್ವೇನಿಯಾದಲ್ಲಿ ಪ್ರತಿವರ್ಷ ಕಾರನ್ನು ತಪಾಸಣೆ ಮಾಡಿಸಿ ಗಾಜಿಗೆ ಸ್ಟಿಕ್ಕರ್ ಅಂಟಿಸಿಕೊಳ್ಳಬೇಕು. ಬ್ರೇಕ್, ದೀಪ, ಟೈರಿನ ಜೊತೆ ತಳವನ್ನೂ ನೋಡುತ್ತಾರೆ. ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ವೆಲ್ಡಿಂಗ್ ಬಲ್ಲವರಿಗೇ ಕೊಟ್ಟಿದ್ದೇನೆ. ಏರ್‌ಬ್ಯಾಗ್‌ನ ಹಳದಿ ವೈರುಗಳನ್ನೂ ನಾನು ಮುಟ್ಟುವುದಿಲ್ಲ.

ನಿಮ್ಮ ಮನೆಯಲ್ಲಿ ಮಿಯಾಟಾ ಇರಲಿಕ್ಕಿಲ್ಲ, ಈ ಕಾರು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ. ಆದರೆ ಮಾವನ ಮಾರುತಿ 800 ಶೆಡ್ಡಿನಲ್ಲಿ ನಿಂತಿರಬಹುದು. ಅದರ ಕ್ಲಚ್ ಕೇಬಲ್ಲಿನದು. ಅಲ್ಲಿ ಪೆಡಲ್ ಸತ್ತರೆ ಸೋರಿಕೆ ಹುಡುಕಬೇಡಿ, ಕೇಬಲ್ ಹಿಗ್ಗಿದೆಯೇ, ಎಳೆ ಕಿತ್ತಿದೆಯೇ ನೋಡಿ. ಆದರೆ ಅಪ್ಪ ಕೇಳಿದ ಮೊದಲ ಎರಡು ಪ್ರಶ್ನೆಗಳು ಅಲ್ಲೂ ನಡೆಯುತ್ತವೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಆರ್‌ಟಿಒದಲ್ಲಿ ನವೀಕರಿಸುವಾಗ ಗಾಡಿಯ ಸ್ಥಿತಿ ನೋಡುತ್ತಾರೆ. ಅದಕ್ಕೆ ಮುಂಚೆ ಒಂದು ಭಾನುವಾರ ನೀವೇ ಟಾರ್ಚ್ ಹಿಡಿದು ಕೆಳಗೆ ನೋಡಿದರೆ ಮೆಕ್ಯಾನಿಕ್ ಹೇಳುವ ಮಾತಿನಲ್ಲಿ ಯಾವುದು ನಿಜ ಎಂದು ಅರ್ಧವಾದರೂ ತಿಳಿಯುತ್ತದೆ. ಪಳಗಿದ ಮೇಸ್ತ್ರಿಗಳ ಮೇಲೆ ನನಗೆ ಅಪಾರ ಗೌರವ. ಬೂಟ್ ಸರಿಸಿ ನೋಡದೆ ಗೇರ್‌ಬಾಕ್ಸ್ ಇಳಿಸುವವರ ಮೇಲೆ ಇಲ್ಲ.

ಈಗ ಬಾಕಿ ಇರುವುದು ಟೈಮಿಂಗ್ ಬೆಲ್ಟ್. ಸುಮಾರು 96,000 ಕಿಲೋಮೀಟರ್‌ಗೊಮ್ಮೆ ಬದಲಿಸಬೇಕು, ಅಜ್ಜನ ನೋಟ್‌ಬುಕ್ ಪ್ರಕಾರ ಗಡುವು ಹತ್ತಿರ ಬಂದಿದೆ. ಪುಣ್ಯಕ್ಕೆ ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುವುದಿಲ್ಲ, ಕಾರು ನಿಂತಲ್ಲೇ ನಿಲ್ಲುತ್ತದೆ ಅಷ್ಟೆ. ಅಷ್ಟೂ ಬಿಚ್ಚುವುದರಿಂದ ವಾಟರ್ ಪಂಪನ್ನೂ ಆಗಲೇ ಹಾಕಿಬಿಡಬೇಕು. ಕ್ಯಾಮ್ ಚಕ್ರಗಳ ಎರಡು ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಎಣಿಸಬೇಕು, ಹದಿನೆಂಟೂ ಅಲ್ಲ, ಇಪ್ಪತ್ತೂ ಅಲ್ಲ. ಕಿಟ್ ಬಂದು ಮಂಚದ ಕೆಳಗೆ ಕೂತಿದೆ. ಅಜ್ಜ ಅಂಗಳದ ಹಿಮ ಕರಗಲಿ ಎಂದಿದ್ದಾರೆ. ಹುಬ್ಬಳ್ಳಿಯವಳು ಈ ಸಲ ಪೆಡಲ್ ಬೇಡ, ನಾನೇ ಕೆಳಗೆ ಮಲಗುತ್ತೇನೆ ಎನ್ನುತ್ತಿದ್ದಾಳೆ.